ಪ್ರಿವ್ಯೂ ಕಪ್ಪಾಯ್ತು ಅಂತ ವೇಗಾಸ್ ಕಿತ್ತು ಹಾಕ್ಬೇಡಿ

ಹ್ಞಾಂ, ಕಾಣ್ತಿದೆಯಲ್ಲ? ಟೈಮ್‌ಲೈನ್ ಓಡ್ತಿದೆ, ಸೌಂಡ್ ಬರ್ತಿದೆ, ಪ್ರಿವ್ಯೂ ಮಾತ್ರ ಅಮಾವಾಸ್ಯೆ. ಇದು ವಿಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರ್ ವೇಗಾಸ್ ಪ್ರೊ 13, 2014ರದ್ದು. ಸೋನಿ ಹೆಸರಲ್ಲಿ ಬಂದ ಕೊನೇ ವರ್ಶನ್. 2016ರಲ್ಲಿ ಮ್ಯಾಜಿಕ್ಸ್ ಕೊಂಡುಕೊಳ್ತು, 14ರಿಂದ ಅವರದೇ. ಇನ್ನೂ ಇದನ್ನ ಯಾಕ್ ಇಟ್ಕೊಂಡಿದೀರಾ ಅಂತ ಕೇಳ್ಬೇಡಿ, ಹಳೇ ಪಿಸಿ ಇರೋರಿಗೆ ಗೊತ್ತು. ಈ ಪ್ರಾಜೆಕ್ಟಲ್ಲಿ ಬೇಕಂತಲೇ ಮೂರು ತೊಂದರೆ ಸೇರಿಸಿಟ್ಟಿದೀನಿ.

ಮೊದಲು ಒಂದು ಪರೀಕ್ಷೆ. ಎಲ್ಲದಕ್ಕಿಂತ ಮೇಲೆ ಹೊಸ ವಿಡಿಯೋ ಟ್ರ್ಯಾಕ್ ಹಾಕಿ, ಮೀಡಿಯಾ ಜನರೇಟರ್ಸ್‌ನಿಂದ ಟೆಸ್ಟ್ ಪ್ಯಾಟರ್ನ್ ಎಳೆದು ಬಿಡಿ. ಬಣ್ಣದ ಪಟ್ಟಿ ಕಂಡ್ರೆ ಪ್ರಿವ್ಯೂ ಸರಿಯಾಗೇ ಇದೆ, ತಪ್ಪು ಕೆಳಗಿನ ಟ್ರ್ಯಾಕಲ್ಲೋ ಕ್ಲಿಪ್ಪಲ್ಲೋ ಇದೆ. ಪಟ್ಟಿನೂ ಕಾಣ್ಲಿಲ್ವಾ, ಆಗ ಜಿಪಿಯು, ಅಂದ್ರೆ ಗ್ರಾಫಿಕ್ಸ್ ಚಿಪ್ ಕಡೆ ನೋಡಿ. ಇಲ್ಲಿ ನೋಡಿ, ಅದೂ ಕಪ್ಪು.

ಆಪ್ಶನ್ಸ್, ಪ್ರಿಫರೆನ್ಸಸ್, ವಿಡಿಯೋ ಟ್ಯಾಬ್. 'ಜಿಪಿಯು ಆಕ್ಸಲರೇಶನ್ ಆಫ್ ವಿಡಿಯೋ ಪ್ರೊಸೆಸಿಂಗ್' ಅನ್ನೋದನ್ನ ಆಫ್ ಮಾಡಿ, ವೇಗಾಸ್ ಮುಚ್ಚಿ ತೆಗೀರಿ. ಮುಚ್ಚಿ ತೆಗೀದೆ ಇದ್ರೆ ಆಫ್ ಮಾಡಿದ್ದಕ್ಕೆ ಅರ್ಥ ಇಲ್ಲ. ಅಲ್ಲೇ ಡೈನಮಿಕ್ ರ‍್ಯಾಮ್ ಪ್ರಿವ್ಯೂಗೆ ಯಾರೋ 4000 ಎಂಬಿ ಕೊಟ್ಟಿರ್ತಾರೆ, 200ಕ್ಕೆ ಇಳಿಸಿ.

ಬಂತು ಪಟ್ಟಿ. ಯಾಕೆ ಹೀಗಾಗುತ್ತೆ? ಈ ಜಿಪಿಯು ಕೆಲಸ ಶುರುವಾಗಿದ್ದು 11ನೇ ವರ್ಶನ್‌ನಲ್ಲಿ, ಓಪನ್‌ಸಿಎಲ್ ಅನ್ನೋ, ಗ್ರಾಫಿಕ್ಸ್ ಚಿಪ್‌ಗೆ ಲೆಕ್ಕ ಹಂಚೋ ವ್ಯವಸ್ಥೆ ಮೂಲಕ. ವಿಂಡೋಸ್ ಸದ್ದಿಲ್ಲದೆ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕ್ಕೊಳ್ಳುತ್ತೆ, ಹಳೇ ಸಾಫ್ಟ್‌ವೇರ್‌ಗೆ ಅದು ಹೊಂದಲ್ಲ. ನನ್ ಪ್ರಕಾರ ಜಿಪಿಯು ಶಾಶ್ವತವಾಗಿ ಆಫೇ ಇರ್ಲಿ. ಅಂದ್ರೆ... ಇಲ್ಲ, ಹಳೇ ಎಎಮ್‌ಡಿ ಕಾರ್ಡ್ ಇರೋರಿಗೆ ಆನ್ ಇದ್ರೇನೇ ಚೆಂದ. ಅವರು ಡಿವೈಸ್ ಮ್ಯಾನೇಜರ್‌ಗೆ ಹೋಗಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ನೋಡ್ಲಿ. ಎರಡು ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪಾ? ವಿಂಡೋಸ್ 10ರ ಗ್ರಾಫಿಕ್ಸ್ ಸೆಟ್ಟಿಂಗ್ಸಲ್ಲಿ ವೇಗಾಸ್130 ಅನ್ನೋ ಫೈಲ್ ಸೇರಿಸಿ 'ಹೈ ಪರ್ಫಾರ್ಮೆನ್ಸ್' ಕೊಡಿ.

ದಯವಿಟ್ಟು ಇದಕ್ಕೋಸ್ಕರ ಹೊಸ ಕಾರ್ಡ್ ಮಾತ್ರ ತರ್ಬೇಡಿ. ಎನ್‌ವಿಡಿಯಾದ ಜಿಟಿಎಕ್ಸ್ 500 ಸರಣಿ ಆದ್ಮೇಲಿನ ಕಾರ್ಡುಗಳನ್ನ ಇದರ ಮೇನ್‌ಕಾನ್ಸೆಪ್ಟ್ ಕ್ಯುಡಾ ರೆಂಡರ್ (ಕಾರ್ಡ್ ಬಳಸಿ ಕೊನೇ ವಿಡಿಯೋ ಫೈಲ್ ಮಾಡೋ ಭಾಗ) ಕಣ್ಣೆತ್ತಿಯೂ ನೋಡಲ್ಲ. ದುಡ್ಡು ಹೊಳೇಲಿ ಹುಣಸೆಹಣ್ಣು. ಈಗ ಸಿಪಿಯು ಒಂದೇ ಎಲ್ಲಾ ಎಳೀಬೇಕು, ಆ ಫ್ಯಾನ್ ಸದ್ದು ಅದರದ್ದೇ. ಪ್ರಿವ್ಯೂ ಕ್ವಾಲಿಟಿನ 'ಪ್ರಿವ್ಯೂ, ಹಾಫ್' ಮಾಡಿ, ಸುಧಾರಿಸುತ್ತೆ.

ಎರಡನೇದು. ಈ ಕ್ಲಿಪ್ ಪೂರ್ತಿ ಕಪ್ಪಲ್ಲ, ಮಂಕು. ಇದರ ಬಗ್ಗೆ ನಂಗೆ ನಿಜವಾಗ್ಲೂ ಸಿಟ್ಟಿದೆ. ಝೂಮ್ ಮಾಡ್ತೀನಿ, ಕ್ಲಿಪ್ ಮೇಲಂಚು ನೋಡಿ. ಮೌಸ್ ಅಲ್ಲಿಗೆ ಹೋದಾಗ ಬಾಣ ಹೋಗಿ ಕೈ ಗುರುತು ಬರುತ್ತೆ. ಆಗ ಚೂರು ಕೆಳಗೆ ಎಳೆದ್ರೂ ಒಪಾಸಿಟಿ, ಅಂದ್ರೆ ಚಿತ್ರದ ಗಟ್ಟಿತನ, ಇಳೀತು. ಕ್ಲಿಪ್ ಸರಿಸೋಕೆ ಅಂತ ಹಿಡೀತೀರಾ, ಕೈ ಅಂಚಿಗೆ ತಾಗುತ್ತೆ, 100 ಇದ್ದಿದ್ದು 54 ಆಗಿರುತ್ತೆ, ಗೊತ್ತೇ ಆಗಲ್ಲ. ಕೆಳಗೆ ಬೇರೆ ಟ್ರ್ಯಾಕ್ ಇಲ್ದಿದ್ರೆ ಹಿಂದೆ ಇರೋದು ಕಪ್ಪೇ, ಚಿತ್ರ ಅದರಲ್ಲಿ ಬೆರೆತು ಮಬ್ಬಾಗುತ್ತೆ. ಜನ ಇದನ್ನ ಕ್ಯಾಮೆರಾ ಎಕ್ಸ್‌ಪೋಶರ್ ತಪ್ಪು ಅಂದ್ಕೊಂಡು ಬ್ರೈಟ್‌ನೆಸ್ ಎಫೆಕ್ಟ್ ಹಾಕ್ತಾರೆ, ಗ್ರೇನ್ ಎದ್ದು ಕುಣಿಯುತ್ತೆ. ಸರಿಯಾಗಿ ನೋಡಿ, ಕ್ಲಿಪ್ ಅಡ್ಡಕ್ಕೆ ಒಂದು ತೆಳ್ಳನೆ ಗೆರೆ. ಅದನ್ನ ಮೇಲಕ್ಕೆ ತಳ್ಳಿ, ಮುಗೀತು. ಟ್ರ್ಯಾಕ್ ತಲೆಯಲ್ಲಿರೋ ಲೆವೆಲ್ ಸ್ಲೈಡರ್, ಮ್ಯೂಟ್ ಬಟನ್ ಕೂಡ ಒಮ್ಮೆ ನೋಡ್ಕೊಳ್ಳಿ.

ಮೂರನೇದು ಫೋನ್ ಕ್ಲಿಪ್. ಎಳೆದು ಹಾಕಿದ್ರೆ ಆಡಿಯೋ ಮಾತ್ರ, ವಿಡಿಯೋ ಪಟ್ಟಿಯೇ ಇಲ್ಲ. ಇದು ಎಚ್‌ಇವಿಸಿ, ಅಂದ್ರೆ ಎಚ್.265, ವಿಡಿಯೋ ಕುಗ್ಗಿಸೋ ಒಂದು ವಿಧಾನ. ಈ ವೇಗಾಸ್‌ಗೆ ಆ ಭಾಷೆ ಬರಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರ್ ಸಾಫ್ಟ್‌ವೇರ್‌ನಲ್ಲಿ ಎಚ್.264ಗೆ ಬದಲಾಯಿಸಿ, ಕ್ವಾಲಿಟಿ ಆರ್‌ಎಫ್ 18, 'ಕಾನ್‌ಸ್ಟಂಟ್ ಫ್ರೇಮ್‌ರೇಟ್'. ಈ ಕೊನೇದು ಬಿಟ್ರೆ ಸೌಂಡು ತುಟಿ ಬಿಟ್ಟು ಓಡುತ್ತೆ, ಫೋನ್ ಫ್ರೇಮ್‌ರೇಟ್ ಒಂದೇ ಸಮ ಇರಲ್ಲ. ಫೈಲ್ ದಪ್ಪ ಆಗುತ್ತೆ, ಆಗ್ಲಿ.

ಕನ್ವರ್ಟ್ ಆಗೋಷ್ಟರಲ್ಲಿ ಇನ್ನೊಂದು. ಪ್ರಿವ್ಯೂ ಚೆನ್ನಾಗಿದ್ದು ರೆಂಡರ್ ಕಪ್ಪಾದ್ರೆ? 8 ಬಿಟ್ ಪ್ರಾಜೆಕ್ಟಲ್ಲಿ ವೇಗಾಸ್ 16ರಿಂದ 235ರ ಲೆವೆಲ್ಲನ್ನ (ವಿಡಿಯೋದಲ್ಲಿ 16 ಕಪ್ಪು, 235 ಬಿಳಿ; ಕಂಪ್ಯೂಟರ್‌ಗೆ 0 ಮತ್ತು 255) ಹಿಗ್ಗಿಸದೆ ಹಾಗೇ ತೋರಿಸುತ್ತೆ, ಅದಕ್ಕೇ ಪೇಲವ ಕಾಣೋದು. ನೀವು ಕಣ್ಣಂದಾಜಲ್ಲಿ ಕಾಂಟ್ರಾಸ್ಟ್ ಏರಿಸ್ತೀರಾ, ಆಮೇಲೆ ಪ್ಲೇಯರ್ ಇನ್ನೊಂದ್ಸಲ ಹಿಗ್ಗಿಸುತ್ತೆ. ಕಪ್ಪು ಕೂದಲು, ಕಪ್ಪು ಕೋಟು ಎಲ್ಲಾ ಒಂದೇ ಮುದ್ದೆ. ಔಟ್‌ಪುಟ್‌ಗೆ ಲೆವೆಲ್ಸ್ ಎಫೆಕ್ಟ್ ಹಾಕಿ 'ಕಂಪ್ಯೂಟರ್ ಆರ್‌ಜಿಬಿ ಟು ಸ್ಟುಡಿಯೋ ಆರ್‌ಜಿಬಿ'—

ಓ, ಕನ್ವರ್ಟ್ ಮುಗೀತು. ಎಳೀತೀನಿ, ಬಂತು ನೋಡಿ ಚಿತ್ರ. ಐಫೋನ್‌ನವರು ಕ್ಯಾಮೆರಾ ಫಾರ್ಮ್ಯಾಟ್ಸಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಇಟ್ರೆ ಮುಂದೆ ಇಷ್ಟೆಲ್ಲಾ ಬೇಡ. ಹಾಂ, ಆ ಟೆಸ್ಟ್ ಪ್ಯಾಟರ್ನ್ ಟ್ರ್ಯಾಕ್ ಅಳಿಸಿ, ಇಲ್ಲಾಂದ್ರೆ ರೆಂಡರ್‌ನ ಮೊದಲ 10 ಸೆಕೆಂಡ್ ಬರೀ ಬಣ್ಣದ ಪಟ್ಟಿ.