ಹೆಗ್ಗಣಕ್ಕೆ ಕವಚ, ಸಿಡಿಲಿಗೆ ಅರ್ತಿಂಗ್

ಎಲ್ಲರಿಗೂ ನಮಸ್ಕಾರ.

ತುಮಕೂರು ಬಳಿಯ ವಸಂತನರಸಾಪುರದ ಕಾರ್ಖಾನೆಯಿರಲಿ, ತಿಪಟೂರಿನ ತೆಂಗಿನ ತೋಟದ ಪಕ್ಕದ ಶಾಲೆಯಿರಲಿ, ಫೈಬರ್ ಕೇಬಲ್ (ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆಯ ಕೇಬಲ್) ಎಳೆಸುವವರು ಅಂಗಡಿಯಲ್ಲಿ ಮೊದಲು ಹೇಳುವ ಮಾತು 'ಆರ್ಮರ್ಡ್ ಕೊಡಿ, ಗಟ್ಟಿಯಾಗಿರಲಿ' ಅಂತ. ಆರ್ಮರ್ಡ್ ಅಂದರೆ ಕವಚವಿರುವ ಕೇಬಲ್. ಯಾವುದಕ್ಕೆ ಗಟ್ಟಿ? ಕಪ್ಪು ಪಾಲಿಥೀನ್ ಹೊದಿಕೆಯ ಕೆಳಗೆ ಅಲೆಅಲೆಯಾಗಿ ಮಡಿಸಿದ ತೆಳುವಾದ ಉಕ್ಕಿನ ಪಟ್ಟಿ ಇರುತ್ತದೆ. ಹೆಗ್ಗಣದ ಹಲ್ಲನ್ನು, ಜಲ್ಲಿಯ ಒತ್ತಡವನ್ನು ಅದು ತಡೆಯುತ್ತದೆ. ಜೆಸಿಬಿ ಬಕೆಟ್ ಮುಂದೆ ಅದರ ಆಟ ನಡೆಯುವುದಿಲ್ಲ. ಜೊತೆಗೆ ಅದು ಲೋಹ, ಕರೆಂಟ್ ಹರಿಸುತ್ತದೆ. ಹಾಗಾಗಿ ಕವಚ ಎಲ್ಲಿ ಬೇಕು ಅನ್ನುವಷ್ಟೇ ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಮುಖ್ಯ.

ನೆಲದಡಿಯ ಕೆಲಸಕ್ಕೆ ಉಕ್ಕಿನ ಪಟ್ಟಿಯ, ನೀರು ಒಳಹೋಗದಂತೆ ಜೆಲ್ ತುಂಬಿದ ಸಿಂಗಲ್ ಮೋಡ್ (ದೂರದ ಮಾರ್ಗಕ್ಕೆ ಬಳಸುವ ಬಗೆಯ ಫೈಬರ್) ಕೇಬಲ್ ಸಾಕು. ಸರ್ಕಾರಿ ದೂರಸಂಪರ್ಕ ಮಾರ್ಗಗಳಿಗೆ ಮಾಮೂಲಿ ಮಣ್ಣಿನಲ್ಲಿ 1.65 ಮೀಟರ್ ಆಳ ತೋಡಿಸುತ್ತಾರೆ. ಮಧುಗಿರಿ, ಪಾವಗಡದ ಬಂಡೆಯಲ್ಲಿ ಅಷ್ಟು ಇಳಿಯುವುದು ಕಷ್ಟ. ಅಲ್ಲಿ ಸಿಕ್ಕಷ್ಟು ಆಳದಲ್ಲಿ ಜಿಐ ಪೈಪ್ ಹಾಕಿ ಮೇಲೆ ಕಾಂಕ್ರೀಟ್ ಸುರಿಯುವುದು ವಾಸಿ. ಕಂಬದಿಂದ ಕಂಬಕ್ಕೆ, ವಿದ್ಯುತ್ ತಂತಿಯ ಜೊತೆಯಲ್ಲಿ ಹೋಗುವುದಾದರೆ ಉಕ್ಕಿನ ಕವಚ ಬೇಡವೇ ಬೇಡ. ಲೋಹವೇ ಇಲ್ಲದ, ತನ್ನ ಭಾರವನ್ನು ತಾನೇ ಹೊರುವ ಎಡಿಎಸ್ಎಸ್ ಕೇಬಲ್ ಹಾಕಿ. ತೆಂಗಿನ ಮರಕ್ಕಂತೂ ಯಾವ ಕೇಬಲನ್ನೂ ಕಟ್ಟಬೇಡಿ. ಗಾಳಿಗೆ ಮರ ತೂಗಿದಷ್ಟೂ ಕಟ್ಟಿದ ಜಾಗದಲ್ಲಿ ಹೊದಿಕೆ ಸವೆಯುತ್ತದೆ. ಸಾಲದ್ದಕ್ಕೆ ಅಳಿಲು ಬೇರೆ.

ಎಳೆಯುವಾಗಲೇ ಹೆಚ್ಚು ಕೆಡುವುದು. ಎಳೆಯುತ್ತಿರುವಾಗ ಬಾಗಿನ ತ್ರಿಜ್ಯ ಕೇಬಲ್ ದಪ್ಪದ 20 ಪಟ್ಟು, ಹಾಕಿ ಮುಗಿದ ಮೇಲೆ 10 ಪಟ್ಟು ಇರಬೇಕು. 12 ಮಿ.ಮೀ. ಕೇಬಲ್‌ಗೆ 24 ಸೆಂ.ಮೀ., ಆಮೇಲೆ 12 ಸೆಂ.ಮೀ. ಡ್ರಮ್ಮನ್ನು ಜಾಕ್ ಮೇಲೆ ತಿರುಗಿಸಿ ಬಿಚ್ಚಿ. ಮಲಗಿಸಿ ಪಕ್ಕದಿಂದ ಸುರುಳಿ ಸುರುಳಿಯಾಗಿ ತೆಗೆದರೆ ಕೇಬಲ್ ತಿರುಚಿಕೊಳ್ಳುತ್ತದೆ. ಹಗ್ಗ ಕಟ್ಟಬೇಕಾದ್ದು ಒಳಗಿನ ಹಳದಿ ಅರಾಮಿಡ್ (ಎಳೆತ ತಡೆಯುವ ಗಟ್ಟಿ ನಾರು) ನೂಲಿಗೆ ಮತ್ತು ನಡುವಿನ ಕಡ್ಡಿಗೆ. ಹಗ್ಗಕ್ಕೂ ಕೇಬಲಿಗೂ ನಡುವೆ ಸ್ವಿವೆಲ್ (ಕೇಬಲ್ ತಿರುಚದಂತೆ ತಾನೇ ತಿರುಗುವ ಕೊಂಡಿ) ಇರಲಿ. ಪಟ್ಟಿ ಒಮ್ಮೆ ಮಡಚಿಕೊಂಡರೆ ಕೈಯಲ್ಲಿ ನೇರ ಮಾಡಬೇಡಿ, ಆ ತುಂಡನ್ನು ಕತ್ತರಿಸಿ ಜಾಯಿಂಟ್ ಹಾಕಿ. ಪ್ರತಿ ಜಾಯಿಂಟ್ ಬಳಿ 10 ಮೀಟರ್ ಸುತ್ತಿಡಿ. ಸಿಪ್ಪೆ ಸುಲಿಯುವಾಗ ಗ್ಲೌಸ್ ಹಾಕಿ, ಪಟ್ಟಿಯ ಅಂಚು ಬ್ಲೇಡಿನಂತಿರುತ್ತದೆ.

ಈಗ ಗೋಡೆಯ ಹತ್ತಿರ ಬಂದೆವು. ಕಪ್ಪು ಪಾಲಿಥೀನ್ ಬಿಸಿಲಿಗೆ ಗಟ್ಟಿ, ಬೆಂಕಿಗಲ್ಲ, ಉರಿದು ತೊಟ್ಟಿಕ್ಕುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ ಇಂಥ ಕೇಬಲನ್ನು ಕಟ್ಟಡದೊಳಗೆ ಸುಮ್ಮನೆ ಬಿಡಲು ಸುಮಾರು 15 ಮೀಟರ್ ಮಿತಿ ಹಾಕಿದೆ. ನಾವೂ ಗೋಡೆ ದಾಟಿದ ಕೂಡಲೇ ಬಾಕ್ಸಿನಲ್ಲಿ ಮುಗಿಸಿ, ಅಲ್ಲಿಂದ ಹೊಗೆ ಕಡಿಮೆಯಿರುವ ಹ್ಯಾಲೋಜನ್‌ರಹಿತ ಹೊದಿಕೆಯ ಕೇಬಲಿಗೆ ಸ್ಪ್ಲೈಸ್ ಮಾಡುವುದು (ಎಳೆಗಳ ತುದಿ ಬೆಸೆಯುವುದು) ಸರಿ. ಆ ಬಾಕ್ಸಿನಲ್ಲೇ ಉಕ್ಕಿನ ಪಟ್ಟಿಗೆ ಕ್ಲಾಂಪ್ ಹಾಕಿ ಕಟ್ಟಡದ ಅರ್ತ್ ಬಾರಿಗೆ ಜೋಡಿಸಿ. ಇಲ್ಲವೇ ಪಟ್ಟಿಯನ್ನು ಅಲ್ಲೇ ಕತ್ತರಿಸಿ ಯಾವ ಲೋಹಕ್ಕೂ ತಾಗದಂತೆ ಬೇರ್ಪಡಿಸಿ. ಎರಡೂ ಮಾಡದೆ ನೆಟ್ವರ್ಕ್ ಉಪಕರಣಗಳ ರ‍್ಯಾಕ್‌ವರೆಗೆ ಎಳೆದು ಹಾಗೇ ಬಿಟ್ಟರೆ, ಹೊರಗೆ ಸಿಡಿಲು ಬಡಿದ ದಿನ ಅದರ ಪೆಟ್ಟು ನೇರ ನೆಟ್ವರ್ಕ್ ಸ್ವಿಚ್‌ಗೆ.

ಫಾಲ್ಸ್ ಸೀಲಿಂಗ್ ಮೇಲೆ ಇಲಿಗಳಿದ್ದರೆ ಒಳಗೂ ಕವಚ ಬೇಕಾದೀತು. ಅದಕ್ಕೆ ಸ್ಟೀಲ್ ಸುರುಳಿಯಿರುವ ಸಣ್ಣ ಒಳಾಂಗಣ ಕೇಬಲ್ ಸಿಗುತ್ತದೆ. ಕೇಬಲ್ ಕಟ್ಟುವ ಟೈಯನ್ನು ಬಿಗಿಯಬೇಡಿ, ಬೆರಳಲ್ಲಿ ಕೇಬಲ್ ಜರುಗುವಷ್ಟು ಸಡಿಲವಿರಲಿ.

ಪರೀಕ್ಷೆ ಎರಡು ಸಲ: ಡ್ರಮ್ ಬಂದಾಗ, ಮಣ್ಣು ಮುಚ್ಚುವ ಮೊದಲು. ಬೆಳಕು ಹಾಯಿಸಿ ಎಲ್ಲಿ ಎಷ್ಟು ನಷ್ಟವೆಂದು ತೋರಿಸುವ ಓಟಿಡಿಆರ್ ಯಂತ್ರದಲ್ಲಿ 1310, 1550 ಎರಡೂ ನ್ಯಾನೋಮೀಟರ್ ತರಂಗಾಂತರದಲ್ಲಿ ನೋಡಿ. ಒಂದೇ ಜಾಗದಲ್ಲಿ 1550ರ ನಷ್ಟ ಹೆಚ್ಚು, 1310ರದ್ದು ಕಡಿಮೆ ಬಂದರೆ ಅಲ್ಲಿ ಕೇಬಲ್ ಅತಿಯಾಗಿ ಬಾಗಿದೆ ಎಂದು ಹುಡುಕಿ. ಎರಡರಲ್ಲೂ ಒಂದೇ ಥರ ಇದ್ದರೆ ಸ್ಪ್ಲೈಸನ್ನು ಬಿಚ್ಚಿ ನೋಡಿ.