‘ಮನೆಯವಳ ಹಾಗೆ’ ಅಂದರೆ ಸಂಬಳ ಕೊಟ್ಟಂತಾಯಿತೇ?

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದರೆ ಒಲೆಯ ಉರಿ ಸ್ವಲ್ಪ ಸಣ್ಣ ಮಾಡಿಕೊಳ್ಳಿ. ಇವತ್ತಿನ ಮಾತೂ ಅಡುಗೆಮನೆಯದೇ.

‘ಲೈಕ್ ಒನ್ ಆಫ್ ದಿ ಫ್ಯಾಮಿಲಿ’, ಅಂದರೆ ‘ಮನೆಯವಳ ಹಾಗೆ’. 1956ರಲ್ಲಿ ಬಂದ ಪುಸ್ತಕ. ಬರೆದವರು ಕಪ್ಪು ಅಮೆರಿಕನ್ ಲೇಖಕಿ ಆಲಿಸ್ ಚಿಲ್ಡ್ರೆಸ್, ತಾವೇ ಮನೆಗೆಲಸ ಮಾಡಿದ್ದವರು. ಮಿಲ್ಡ್ರೆಡ್ ಎಂಬಾಕೆ ನ್ಯೂಯಾರ್ಕಿನಲ್ಲಿ ಬಿಳಿಯರ ಮನೆಗಳಲ್ಲಿ ಕಸ, ಮುಸುರೆ ಮುಗಿಸಿ ಬಂದು ಗೆಳತಿ ಮಾರ್ಜ್‌ಗೆ ಅಂದಂದಿನ ಸುದ್ದಿ ಹೇಳುತ್ತಾಳೆ. ಮಾರ್ಜ್ ದನಿ ನಮಗೆ ಕೇಳಿಸುವುದೇ ಇಲ್ಲ. 60ಕ್ಕೂ ಹೆಚ್ಚು ಅಧ್ಯಾಯಗಳಲ್ಲಿ ಮಾತೆಲ್ಲ ಮಿಲ್ಡ್ರೆಡ್‌ಳದೇ.

ಮೊದಲ ಅಧ್ಯಾಯದಲ್ಲೇ ಮನೆಯೊಡತಿ ಅತಿಥಿಯ ಮುಂದೆ ‘ಇವಳು ನಮ್ಮನೆಯವಳ ಹಾಗೇ’ ಅನ್ನುತ್ತಾಳೆ. ಈ ಮಾತು ನಾವೂ ಆಡಿದ್ದೇವೆ, ಅಲ್ಲವೇ? ಅತಿಥಿ ಹೋದ ಮೇಲೆ ಮಿಲ್ಡ್ರೆಡ್ ಒಡತಿಯನ್ನು ಕೂರಿಸಿಕೊಂಡು ಲೆಕ್ಕ ಒಪ್ಪಿಸುತ್ತಾಳೆ. ಮನೆಯವರು ಉಣ್ಣುವುದು ಊಟದ ಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ. ನಿಮ್ಮ ನಾಯಿಮರಿ ಸ್ಯಾಟಿನ್ ಹೊದಿಕೆಯ ಮೇಲೆ ಮಲಗುತ್ತದೆ, ನಾನು ಮಲಗುತ್ತೇನೆಯೇ? ಕೊನೆಗೆ, ಸ್ವಲ್ಪ ಸಂಬಳ ಜಾಸ್ತಿ ಮಾಡಿ ಅನ್ನುತ್ತಾಳೆ. ನಾನು ಹೇಳಬೇಕೆಂದಿರುವುದೂ ಇಷ್ಟೇ: ಅಕ್ಕರೆಯ ಮಾತು ಸಂಬಳವಲ್ಲ.

ಇನ್ನೊಂದು ಪ್ರಸಂಗ ಹೇಳಲೇಬೇಕು. ಒಬ್ಬ ಒಡತಿ, ಮಿಲ್ಡ್ರೆಡ್ ಕೆಲಸಕ್ಕೆ ಬಂದಿರುವಷ್ಟು ಹೊತ್ತೂ, ತನ್ನ ಕೈಚೀಲ ಬಿಡುವುದಿಲ್ಲ. ಅಡುಗೆಮನೆಗೆ, ಪಡಸಾಲೆಗೆ, ಬಚ್ಚಲಿಗೂ ತೋಳಲ್ಲಿ ನೇತುಹಾಕಿಕೊಂಡೇ ಓಡಾಟ. ಒಂದು ದಿನ ಮಿಲ್ಡ್ರೆಡ್‌ಳನ್ನು ಕಟ್ಟಡದ ಮೇಲ್ವಿಚಾರಕನ ಹತ್ತಿರ ಕಳಿಸುತ್ತಾಳೆ. ಹೊರಟವಳು ಹೊರಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ವಾಪಸ್ ಓಡಿಬಂದು ದಡಬಡ ಬಾಗಿಲು ಬಡಿಯುತ್ತಾಳೆ. ಒಡತಿ ಗಾಬರಿ. ಏನಾಯಿತು? ಏದುಸಿರು ಬಿಡುತ್ತ ಮಿಲ್ಡ್ರೆಡ್, ‘ನನ್ನ ಕೈಚೀಲ ಮರೆತಿದ್ದೆ!’ ಎನ್ನುತ್ತಾಳೆ. ತನ್ನ ಚೀಲ ಎತ್ತಿಕೊಂಡು ಹೋಗುತ್ತಾಳೆ. ಸಂಜೆ ಒಡತಿ, ನಿನ್ನ ಮೇಲೆ ಅಪನಂಬಿಕೆ ಅಂದುಕೊಳ್ಳಬೇಡ ಎಂದು ತಡವರಿಸುತ್ತಾಳೆ. ಅದಕ್ಕೆ ಇವಳು: ಇರಲಿ ಬಿಡಿ, ನೀವು ಕೊಡುವಷ್ಟು ಕಮ್ಮಿ ಸಂಬಳ ನಾನು ಯಾರಿಗಾದರೂ ಕೊಡುತ್ತಿದ್ದರೆ ನಾನೂ ಚೀಲ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ! ಇದನ್ನು ಕೇಳಿ ಮಾರ್ಜ್ ಕೈಲಿದ್ದ ಪಾತ್ರೆ ಇನ್ನೇನು ಬೀಳಬೇಕು, ಹಾಗಾಗುತ್ತದೆ.

ಕೆಲಸದವಳ ಕಥೆ ಅಂದ ಕೂಡಲೇ ಕರ್ಚೀಫು ತೆಗೆಯುವವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ. ಮಿಲ್ಡ್ರೆಡ್ ಕೇಳುವುದು ಕಣ್ಣೀರಲ್ಲ, ಸಂಬಳ.

ಸಮಯ ಆಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಮುಪ್ಪಿನ ಪಿಂಚಣಿ ಕೊಡುವ 1935ರ ಸಾಮಾಜಿಕ ಭದ್ರತೆ ಕಾಯ್ದೆ, 1938ರ ಕನಿಷ್ಠ ವೇತನದ ಕಾಯ್ದೆ, ಎರಡೂ ಮನೆಗೆಲಸದವರನ್ನು ಹೊರಗಿಟ್ಟವು. ಕನಿಷ್ಠ ವೇತನ ಅವರವರೆಗೆ ಬಂದದ್ದು 1974ರಲ್ಲಿ. ಪುಸ್ತಕ ಬಂದ 1956ರಲ್ಲಿ ದಕ್ಷಿಣ ಅಮೆರಿಕ ಖಂಡದಲ್ಲಲ್ಲ, ಅದೇ ದೇಶದ ದಕ್ಷಿಣ ಭಾಗದ ಮಾಂಟ್‌ಗೊಮೆರಿ ನಗರದಲ್ಲಿ, ಬಸ್ಸಿನಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಸೀಟು ಎಂಬುದರ ವಿರುದ್ಧ ಕಪ್ಪು ಜನರ ಬಸ್ ಬಹಿಷ್ಕಾರ ನಡೆಯುತ್ತಿತ್ತು. ಅಲ್ಲಿನ ಮನೆಗೆಲಸದ ಹೆಂಗಸರು ಕೆಲಸಕ್ಕೆ ನಡೆದೇ ಹೋದರು. ಬಹಿಷ್ಕಾರ 381 ದಿನ ನಡೆಯಿತು.

ಪುಸ್ತಕ ಸಿಕ್ಕರೆ ಕೈಚೀಲದ ಅಧ್ಯಾಯ ಮೊದಲು ಓದಿ. ಮನಸ್ಸಿನಲ್ಲಿ ಬೇಡ, ಮನೆಮಂದಿಗೆಲ್ಲ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ. ನಮಸ್ಕಾರ.