ಮೊಟ್ಟೆ ಟ್ರೇ ಬಿಡಿ, ಕುಕ್ಕರ್ ಗ್ಯಾಸ್ಕೆಟ್ ನೋಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಕೂತಿದ್ದೇನೆ. ನಿಮ್ಮ ಜೊತೆ ಅಲ್ಲ, ಮೊಟ್ಟೆ ಟ್ರೇ ಜೊತೆ. ಮನೆಯಲ್ಲಿ ಗಿಟಾರ್ ರೆಕಾರ್ಡ್ ಮಾಡುವಾಗ ಶಬ್ದ ಪಕ್ಕದ ಮನೆಗೆ ಹೋಗದಿರಲಿ ಅಂತ ಅಂಟಿಸುತ್ತಾರಲ್ಲ, ಅದೇ ಟ್ರೇ.

ನನ್ನ ಹಿಂದೆ ಉದ್ದಕ್ಕೆ ಒಂದು ಪೆಟ್ಟಿಗೆ ಕಾಣುತ್ತಿದೆಯಲ್ಲ, ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ. ಮನೆಗೆ ಬಂದವರೆಲ್ಲ ದಿವಾನ್ ಅಂದುಕೊಂಡು ಅದರ ಮೇಲೆ ಕೂರುತ್ತಾರೆ. ನಮ್ಮ ಅತ್ತೆ ಒಬ್ಬರು "ಅಕ್ಕಿ ಎಷ್ಟು ಹಿಡಿಯುತ್ತೆ?" ಅಂತ ಕೇಳಿದ್ದರು. ಅದರೊಳಗೆ ಇರುವುದು 12 ಇಂಚಿನ ಒಂದು ಗಿಟಾರ್ ಸ್ಪೀಕರ್, ಅದರ ಮೂತಿಗೆ ಒಂದು ಮೈಕ್. ಗಿಟಾರಿನ ಸಣ್ಣ ಶಬ್ದವನ್ನು ದೊಡ್ಡದು ಮಾಡುವ ಆಂಪ್ ಹೊರಗೆ, ನಾನು ಹೊರಗೆ, ಶಬ್ದ ಒಳಗೆ. ಲೆಕ್ಕ ಇಷ್ಟೇ.

ಇದು ನನ್ನ ಮೂರನೇ ಪ್ರಯತ್ನ. ಮೊದಲನೆಯದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬಾಡಿಗೆ ಮನೆಯಲ್ಲಿ ಒಂದು ಕಬ್ಬಿಣದ ಬೀರು ಖಾಲಿ ಬಿದ್ದಿತ್ತು. ಕಬ್ಬಿಣ ಅಲ್ವಾ, ಗಟ್ಟಿ ಅಲ್ವಾ ಅಂತ ಸ್ಪೀಕರ್ ಕ್ಯಾಬಿನೆಟ್ಟನ್ನು ಅದರೊಳಗೆ ತುರುಕಿ ಬಾಗಿಲು ಹಾಕಿದೆ. ಗಿಟಾರಿನ ಅಷ್ಟೂ ತಂತಿ ಸೇರಿಸಿ ಒಂದು ಇ ಕಾರ್ಡ್ ಹೊಡೆದೆ ನೋಡಿ, ಇಡೀ ಬೀರು ಜಾತ್ರೆಯ ಜಾಗಟೆ ಹಾಗೆ ಹಾಡತೊಡಗಿತು. ತೆಳು ತಗಡು ಶಬ್ದವನ್ನು ತಡೆಯುವುದಿಲ್ಲ, ತಾನೇ ಇನ್ನೊಂದು ಸ್ಪೀಕರ್ ಆಗಿಬಿಡುತ್ತದೆ.

ಎರಡನೆಯದು ಎಲ್ಲರೂ ಮಾಡುವ ತಪ್ಪು. ಅಂಗಡಿಯವರ ಹತ್ತಿರ ಕಾಡಿ ಬೇಡಿ ಮೊಟ್ಟೆ ಟ್ರೇ ಕೂಡಿಸಿ, ತೆಳು ಪ್ಲೈವುಡ್ ಡಬ್ಬಿಯ ಒಳಗೆಲ್ಲ ಅಂಟಿಸಿದೆ. ನೋಡಲು ಅಚ್ಚು ಸ್ಟುಡಿಯೋ. ಶಬ್ದ ನಿಂತಿತು ಅನ್ನುವ ಧೈರ್ಯದಲ್ಲಿ ಆಂಪ್ ವಾಲ್ಯೂಮ್ ಎರಡು ಗೆರೆ ಜಾಸ್ತಿ ಮಾಡಿ ಬಾರಿಸಿದೆ. ಮಾರನೇ ದಿನ ಮೇಲಿನ ಮನೆಯ ಆಂಟಿ ಮೆಟ್ಟಿಲ ಮೇಲೆ ಸಿಕ್ಕಿ, ತುಂಬಾ ಮರ್ಯಾದೆಯಿಂದಲೇ, "ನಿನ್ನೆ ಯಾವತ್ತಿಗಿಂತ ಜೋರಾಗಿತ್ತಲ್ಲಪ್ಪ, ಏನು ವಿಶೇಷ?" ಅಂದರು.

ಈಗ ನನ್ನ ವಾದಕ್ಕೆ ಬರುತ್ತೇನೆ. ಮನೆಯಲ್ಲಿ ರೆಕಾರ್ಡ್ ಮಾಡುವವರು ದುಡ್ಡು ಸುರಿಯುವುದೆಲ್ಲ ಮೆತ್ತಗಿನ ವಸ್ತುವಿನ ಮೇಲೆ. ಫೋಮ್, ಸ್ಪಾಂಜ್, ಟ್ರೇ, ಹಳೇ ಕಂಬಳಿ. ಶಬ್ದ ತಡೆಯುವುದು ಮೆತ್ತಗಿನದಲ್ಲ. ತಡೆಯುವುದು ತೂಕ, ಮತ್ತು ಗಾಳಿ ಆಡದ ಮುಚ್ಚಳ. ಇವೆರಡು ಇಲ್ಲದೆ ಎಷ್ಟು ಫೋಮ್ ಹಾಕಿದರೂ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ನಂಬಿಕೆ ಇಲ್ಲದಿದ್ದರೆ ಒಂದು ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಸಿಗುವ ಆ ಕಪ್ಪು ಪಿರಮಿಡ್ ಫೋಮನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಆ ಕಡೆ ಹೋಗುತ್ತದೆ. ಉಸಿರು ದಾಟುವ ಕಡೆ ಶಬ್ದ ದಾಟುವುದಿಲ್ವಾ? ಫೋಮ್ ಮಾಡುವ ಕೆಲಸವೇ ಬೇರೆ, ಡಬ್ಬಿಯೊಳಗೆ ಶಬ್ದ ಗೋಡೆಗೆ ಬಡಿದು ವಾಪಸ್ ಬರುವುದನ್ನು ಅದು ತಗ್ಗಿಸುತ್ತದೆ. ಅದೂ ಮೇಲಿನ ಸ್ವರಗಳನ್ನು ಮಾತ್ರ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಅಂದರೆ ಸೆಕೆಂಡಿಗೆ 82 ಸಲ ನಡುಗುತ್ತದೆ, ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ 4 ಮೀಟರಿಗೂ ಜಾಸ್ತಿ. ಅಂಥ ಅಲೆಗೆ ಒಂದು ಇಂಚು ಸ್ಪಾಂಜ್ ಎಲ್ಲಿ ಲೆಕ್ಕ?

ಸರಿ, ಎಷ್ಟು ಶಬ್ದದ ಜೊತೆ ಗುದ್ದಾಡುತ್ತಿದ್ದೇವೆ ಅಂತ ಮೊದಲು ತಿಳಿದುಕೊಳ್ಳಿ. ಸೆಲೆಷನ್ ಕಂಪನಿಯ ವಿಂಟೇಜ್ 30 ಅನ್ನುವ ಸ್ಪೀಕರ್ ತುಂಬಾ ಜನಕ್ಕೆ ಗೊತ್ತು. ಅದಕ್ಕೆ ಬರೀ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಬರುತ್ತದೆ. ಒಂದೇ ವಾಟ್! 5 ವಾಟಿನ ಪುಟ್ಟ ವಾಲ್ವ್ ಆಂಪನ್ನು (ಹಳೇ ರೇಡಿಯೋ ಥರ ಗಾಜಿನ ವಾಲ್ವ್ ಇರುವ ಆಂಪ್) ಪೂರ್ತಿ ಬಿಟ್ಟರೆ 107. "ನಾನು 50 ವಾಟ್ ಮಾರಿ 5 ವಾಟ್ ತಗೊಂಡೆ, ಇನ್ನು ಗಲಾಟೆ ಇಲ್ಲ" ಅನ್ನುವವರಿಗೆ ಒಂದು ಮಾತು. ಹತ್ತರಲ್ಲಿ ಒಂದು ಪಾಲು ಶಕ್ತಿ ಅಂದರೆ ಕಡಿಮೆಯಾಗುವುದು 10 ಡೆಸಿಬಲ್ ಮಾತ್ರ, ಕಿವಿಗೆ ಅದು ಹೆಚ್ಚು ಕಡಿಮೆ ಅರ್ಧ ಆದ ಹಾಗೆ ಕೇಳುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ 2000ರಲ್ಲಿ ಬಂದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ನಮ್ಮ ಬೀದಿಯ ನಾಯಿಗಳಿಗೆ ಇದು ಗೊತ್ತಿಲ್ಲ ಅನ್ನುವುದು ಬೇರೆ ವಿಷಯ.

107ರಿಂದ 45ಕ್ಕೆ ಒಂದು ಡಬ್ಬಿಯಲ್ಲೇ ಇಳಿಸುವುದು ನಮ್ಮ ದುಡ್ಡಿಗೆ ಆಗುವುದಿಲ್ಲ. ಆ ಆಸೆ ಈಗಲೇ ಬಿಡಿ. ಡಬ್ಬಿ ಒಂದು ಪಾಲು ತಡೆಯುತ್ತದೆ, ಮನೆಯ ಇಟ್ಟಿಗೆ ಗೋಡೆ ಇನ್ನೊಂದು ಪಾಲು ತಡೆಯುತ್ತದೆ, ಮಿಕ್ಕಿದ್ದು ದೂರದಲ್ಲಿ ಕರಗುತ್ತದೆ. ಕಿಟಕಿ ತೆರೆದಿಟ್ಟರೆ ಗೋಡೆ ಇದ್ದೂ ಇಲ್ಲದ ಹಾಗೆ.

ನನ್ನ ಪೆಟ್ಟಿಗೆ ಹೊರಗಿನಿಂದ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋಗಿ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅಲ್ಲೇ ಅಳತೆಗೆ ಕೊಯ್ಯಿಸಿಕೊಂಡು ಬಂದೆ. ಹೊರಗಿನ ಪದರ 18 ಮಿಲಿಮೀಟರ್, ಅದಕ್ಕೆ ಅಂಟಿಸಿ ತಿರುಪು ಹೊಡೆದ ಒಳಪದರ 12 ಮಿಲಿಮೀಟರ್. ತೂಕ ಎರಡರಷ್ಟಾದರೆ ಲೆಕ್ಕದಲ್ಲಿ ಇನ್ನೊಂದು 6 ಡೆಸಿಬಲ್ ತಡೆ ಸಿಗುತ್ತದೆ, ಕೈಯಲ್ಲಿ ಸಿಗುವುದು ಸ್ವಲ್ಪ ಕಡಿಮೆ. 18 ಮಿಲಿಮೀಟರ್ ಎಂಡಿಎಫ್ ಚದರ ಮೀಟರಿಗೆ ಸುಮಾರು 13 ಕೆಜಿ ತೂಗುತ್ತದೆ, ಹಾಗಾಗಿ ಡಬ್ಬಿ ಒಟ್ಟು 80 ಕೆಜಿ ಹತ್ತಿರ ಬಂತು, ಸ್ಪೀಕರ್ ಬಿಟ್ಟು. ಬಾಡಿಗೆ ಮನೆಯವರು ಇದನ್ನು ಗಟ್ಟಿಯಾಗಿ ಕೇಳಿಸಿಕೊಳ್ಳಿ: ಬಿಚ್ಚಿ ಜೋಡಿಸುವ ಹಾಗೆ ಬೋಲ್ಟ್ ಹಾಕಿಸಿ. ಫೆವಿಕಾಲ್ ಹಾಕಿ ಶಾಶ್ವತ ಮಾಡಿದರೆ ಮನೆ ಬದಲಿಸುವ ದಿನ ಸ್ನೇಹಿತರೆಲ್ಲ ಫೋನ್ ಆಫ್ ಮಾಡಿಕೊಳ್ಳುತ್ತಾರೆ. ಮಂಗಳೂರು, ಉಡುಪಿ, ಮಲೆನಾಡು ಕಡೆಯವರಾದರೆ ಎಂಡಿಎಫ್ ಬೇಡ. ಮಳೆಗಾಲದ ತೇವಕ್ಕೆ ಅದು ಹಪ್ಪಳದ ಹಾಗೆ ಉಬ್ಬುತ್ತದೆ. ಒಳ್ಳೆ ಪ್ಲೈವುಡ್ ಹಾಕಿ, ಸ್ವಲ್ಪ ದಪ್ಪ ಜಾಸ್ತಿ ಇರಲಿ.

ಇನ್ನು ಮುಚ್ಚಳ. ಇಡೀ ವಿಡಿಯೋದಲ್ಲಿ ಇದೊಂದು ನೆನಪಿಟ್ಟರೂ ಸಾಕು. ಕುಕ್ಕರ್ ಎಷ್ಟೇ ದಪ್ಪ ಇರಲಿ, ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಕೂಗುತ್ತಾ? ಪಕ್ಕದಿಂದ ಬುಸ್ ಅಂತ ಆವಿ ಹೋಗುತ್ತದೆ, ಬೇಳೆ ಹಾಗೇ ಉಳಿಯುತ್ತದೆ. ಶಬ್ದವೂ ಹಾಗೆಯೇ. ನನ್ನ ಮುಚ್ಚಳದ ಸುತ್ತಳತೆ 12 ಅಡಿ. ಸುತ್ತಲೂ ಬರೀ 3 ಮಿಲಿಮೀಟರ್ ಸಂದು ಇದೆ ಅಂದುಕೊಳ್ಳಿ, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅದನ್ನೆಲ್ಲ ಒಂದೇ ಕಡೆ ಕೂಡಿಸಿದರೆ ನಿಮ್ಮ ಅಂಗೈ ಅಗಲದ ತೂತು! ಡಬ್ಬಿಯ ಗೋಡೆಯಲ್ಲಿ ಅಂಗೈ ಅಗಲ ಕೊರೆದು, ಯಾಕೆ ಶಬ್ದ ಬರುತ್ತಿದೆ ಅಂತ ತಲೆ ಕೆರೆದುಕೊಂಡ ಹಾಗೆ. ಒಟ್ಟು ಮೈಯಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೆ ಮಿಕ್ಕ 99 ಪಾಲು ಕಲ್ಲುಗೋಡೆ ಆದರೂ ಸಿಗುವ ತಡೆ 20 ಡೆಸಿಬಲ್‌ಗಿಂತ ಮೇಲೆ ಹೋಗುವುದಿಲ್ಲ. ನೀವು ಗೋಡೆಗೆ ಹಾಕಿದ ದುಡ್ಡೆಲ್ಲ ಆ ಸಂದಿನಲ್ಲಿ ಸೋರಿ ಹೋಗುತ್ತದೆ.

ನಾನು ಹಾಕಿದ್ದು ಬಾಗಿಲಿಗೆ ಅಂಟಿಸುವ ರಬ್ಬರ್ ಪಟ್ಟಿ, ಎರಡು ಸಾಲು, ಒಂದರ ಒಳಗೊಂದು. ಪಟ್ಟಿ ಅಂಟಿಸಿದರೆ ಸಾಲದು, ಅದು ಒತ್ತಬೇಕು. ಅದಕ್ಕೆ ಟ್ರಂಕಿಗೆ ಹಾಕುತ್ತಾರಲ್ಲ, ಎಳೆದು ಬಿಗಿಯುವ ಚಿಲಕ, ಅಂಥ ಆರು ಚಿಲಕ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಇಟ್ಟುಕೊಂಡು ಅಳೆದೆ. ಅದು ತೋರಿಸುವ ಅಂಕಿ ನಂಬಬೇಡಿ, ಎರಡು ಅಂಕಿಗಳ ನಡುವಿನ ವ್ಯತ್ಯಾಸ ನೋಡಿ. ಪಟ್ಟಿ ಇಲ್ಲದೆ ಸುಮ್ನೆ ಮುಚ್ಚಿದಾಗ 17 ಡೆಸಿಬಲ್ ಕಡಿಮೆಯಾಯಿತು. ಪಟ್ಟಿ, ಚಿಲಕ ಹಾಕಿದ ಮೇಲೆ 26. ಹಲಗೆ ಅದೇ, ಸ್ಪೀಕರ್ ಅದೇ. ಇಡೀ ಕೆಲಸಕ್ಕೆ ಆದ 11,000 ಚಿಲ್ಲರೆ ರೂಪಾಯಿಯಲ್ಲಿ ಅತಿ ಕಡಿಮೆ ಖರ್ಚಾಗಿದ್ದು ಇದಕ್ಕೇ.

ವೈರಿಗೆ ತೂತು ಬೇಕಲ್ಲ ಅಂತ ಕೇಳುತ್ತೀರಿ. ಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ಜ್ಯಾಕ್ ತಂದು ಹಲಗೆಗೆ ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದರೆ ಆಯಿತು. ಒಂದು ಸ್ಪೀಕರಿಗೆ, ಒಂದು ಮೈಕಿಗೆ. ಆಂಪಿನಿಂದ ಸ್ಪೀಕರಿಗೆ ಹೋಗುವುದು ಸ್ಪೀಕರ್ ಕೇಬಲ್ಲೇ ಆಗಿರಬೇಕು, ಗಿಟಾರ್ ಕೇಬಲ್ ಬೇಡ. ವಾಲ್ವ್ ಆಂಪ್ ಉರಿಯುತ್ತಿರುವಾಗ ಆ ಕೇಬಲ್ ಕಿತ್ತರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಹುಷಾರು. ಕಾಂಬೋ ಆಂಪ್, ಅಂದರೆ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವವರು ಇಡೀ ಆಂಪನ್ನು ಒಳಗಿಟ್ಟು ಮುಚ್ಚಬೇಡಿ, ದಯವಿಟ್ಟು. ಬಿಸಿ ಗಾಳಿಗೆ ದಾರಿಯೇ ಇರುವುದಿಲ್ಲ. ಸ್ಪೀಕರ್ ಮಾತ್ರ ಒಳಗೆ.

ಕೆಳಗಿನ ಮನೆಯವರ ವಿಷಯ ಬೇರೆ. ಮೂರನೇ ಡಬ್ಬಿ ಆದ ಮೇಲೆ ಮೇಲಿನ ಆಂಟಿ ಸುಮ್ಮನಾದರು, ಕೆಳಗಿನವರು ಬಂದರು. "ಗಿಟಾರ್ ಕೇಳಲ್ಲ, ಆದರೆ ಏನೋ ಗುಂ ಗುಂ" ಅಂದರು. ಸ್ಪೀಕರ್ ನಡುಕ ಡಬ್ಬಿಯ ತಳದಿಂದ ನೆಲಕ್ಕೆ, ನೆಲದಿಂದ ಅವರ ತಾರಸಿಗೆ ನೇರವಾಗಿ ಇಳಿಯುತ್ತಿತ್ತು. ಗಾಳಿಯಲ್ಲಿ ಹೋಗುವುದನ್ನು ತಡೆದೆ, ಮರ ಮತ್ತು ಕಾಂಕ್ರೀಟಿನಲ್ಲಿ ಹೋಗುವುದನ್ನು ಮರೆತಿದ್ದೆ. ಅದಕ್ಕೆ ಸಿಕ್ಕ ಮದ್ದು ಹಳೇ ಸ್ಕೂಟರ್ ಟ್ಯೂಬ್. ಅರ್ಧ ಗಾಳಿ ತುಂಬಿ, ಮೇಲೆ ಒಂದು ಹಲಗೆ, ಅದರ ಮೇಲೆ ಸ್ಪೀಕರ್ ಕ್ಯಾಬಿನೆಟ್. ಕ್ಯಾಬಿನೆಟ್ ಎಲ್ಲೂ ಡಬ್ಬಿಯ ಗೋಡೆ ಮುಟ್ಟಬಾರದು. ಡಬ್ಬಿಯ ಕೆಳಗೆ ತೆಂಗಿನ ನಾರಿನ ಹಾಸಿಗೆಯ ತುಂಡು. ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ದುಡ್ಡೇ ತೆಗೆದುಕೊಳ್ಳಲಿಲ್ಲ, ಯಾವ ಗಾಡಿಗೆ ಅಂತ ಮಾತ್ರ ಮೂರು ಸಲ ಕೇಳಿದ.

ಈಗ ಮೆತ್ತಗಿನ ವಸ್ತುವಿನ ಸರದಿ. ಹೌದು, ಅದೂ ಬೇಕು, ಆದರೆ ಕೊನೆಗೆ. ಒಳಗೆ ಗೋಡೆಯಿಂದ ಗೋಡೆಗೆ 55 ಸೆಂಟಿಮೀಟರ್ ಇದೆ ಅಂದರೆ ಸುಮಾರು 310 ಹರ್ಟ್ಸ್ ಹತ್ತಿರ ಶಬ್ದ ಅಲ್ಲೇ ಗಿರಕಿ ಹೊಡೆಯುತ್ತದೆ. ರೆಕಾರ್ಡಿಂಗಿನಲ್ಲಿ ಅದು ಮಡಕೆಯೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳುತ್ತದೆ. ನಾನು ಅಗಲ, ಎತ್ತರ ಎರಡನ್ನೂ 2 ಅಡಿ ಮಾಡಿ ಆ ದೋಷವನ್ನು ದುಪ್ಪಟ್ಟು ಮಾಡಿಕೊಂಡೆ. ನೀವು ಮಾಡುವಾಗ ಅಳತೆ ಬೇರೆ ಬೇರೆ ಇರಲಿ. ಒಳಗೆ ಹಾಕಿದ್ದು 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು), ಸ್ಪೀಕರ್ ಎದುರಿನ ಗೋಡೆಗೆ ಎರಡು ಪಟ್ಟು. ಅದನ್ನು ಬರಿಗೈಯಲ್ಲಿ ಮುಟ್ಟಿದರೆ ಎರಡು ದಿನ ಕೆರೆದುಕೊಳ್ಳುತ್ತೀರಿ. ಗ್ಲೌಸ್, ಮಾಸ್ಕ್ ಹಾಕಿ, ಮೇಲೆ ಹತ್ತಿ ಬಟ್ಟೆ ಬಿಗಿದು ಹೊಲಿಸಿ. ಇಷ್ಟಾದ ಮೇಲೂ ನಾನು ಮಿಕ್ಸ್ ಮಾಡುವಾಗ 300 ಹರ್ಟ್ಸ್ ಆಸುಪಾಸು 3-4 ಡೆಸಿಬಲ್ ಕತ್ತರಿಸುತ್ತೇನೆ. ಸಣ್ಣ ಡಬ್ಬಿ ದೊಡ್ಡ ಕೋಣೆ ಆಗುವುದಿಲ್ಲ, ಯಾರು ಏನೇ ಹೇಳಲಿ.

ಮೈಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೂರ್ ಎಸ್ಎಂ57 ಸಾಕು, 1965ರಿಂದ ಇದೆ, ಸ್ಪೀಕರ್ ಮೂತಿಗೇ ಇಟ್ಟರೂ ಬೆದರುವುದಿಲ್ಲ. ಕಷ್ಟ ಏನು ಅಂದರೆ ಮೈಕ್ ಒಂದು ಸೆಂಟಿಮೀಟರ್ ಸರಿದರೂ ಧ್ವನಿ ಬದಲಾಗುತ್ತದೆ, ಪ್ರತಿ ಸಲ ಆರು ಚಿಲಕ ಬಿಚ್ಚಿ, ಮುಚ್ಚಳ ಎತ್ತಿ, ಸರಿಸಿ, ಮತ್ತೆ ಆರು ಚಿಲಕ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ, ಥೂ ಇದಲ್ಲ ಅಂತ ಮತ್ತೆ ಬಿಚ್ಚಬೇಕು. ಗ್ರಿಲ್ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಳ್ಳಿ.

"ಇಷ್ಟೆಲ್ಲ ಯಾಕೆ, ಈಗ ಪ್ಲಗಿನ್ ಇದೆಯಲ್ಲ, ಲೋಡ್ ಬಾಕ್ಸ್ ಇದೆಯಲ್ಲ, ಇಂಪಲ್ಸ್ ರೆಸ್ಪಾನ್ಸ್ ಹಾಕಿದರೆ ಯಾರಿಗೆ ಗೊತ್ತಾಗುತ್ತೆ?" ಅಂತ ಕೇಳಬಹುದು. ಪ್ಲಗಿನ್ ಅಂದರೆ ಆಂಪಿನ ಧ್ವನಿಯನ್ನು ಅನುಕರಿಸುವ ಸಾಫ್ಟ್‌ವೇರ್, ಲೋಡ್ ಬಾಕ್ಸ್ ಅಂದರೆ ಸ್ಪೀಕರ್ ಬದಲು ಆಂಪಿಗೆ ಸಿಕ್ಕಿಸುವ ಶಬ್ದವಿಲ್ಲದ ಪೆಟ್ಟಿಗೆ, ಇಂಪಲ್ಸ್ ರೆಸ್ಪಾನ್ಸ್ ಅಂದರೆ ಸ್ಪೀಕರ್ ಮತ್ತು ಮೈಕಿನ ಧ್ವನಿಗುಣ ಹಿಡಿದಿಟ್ಟ ಫೈಲ್. ನಿಜ. ವಾಲ್ವ್ ಆಂಪ್ ಇಲ್ಲದವರು ಈ ಡಬ್ಬಿ ಕಟ್ಟಬೇಡಿ, ದುಡ್ಡು ದಂಡ. ಹಾಡಿನೊಳಗೆ ಕೂತ ಮೇಲೆ ಯಾವುದು ಡಬ್ಬಿ, ಯಾವುದು ಪ್ಲಗಿನ್ ಅಂತ ನನಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಆದರೆ ಮನೆಯಲ್ಲಿ ಆಂಪ್ ಇದೆ, ಮೂರು ವರ್ಷದಿಂದ ವಾಲ್ಯೂಮ್ ಒಂದೂವರೆ ಗೆರೆ ದಾಟಿಲ್ಲ ಅನ್ನುವವರಿಗೆ ನಾನು ಕಟ್ಟಿ ಅಂತಲೇ ಹೇಳುತ್ತೇನೆ. ಇಂಪಲ್ಸ್ ರೆಸ್ಪಾನ್ಸ್ ಒಂದು ಕ್ಷಣದ ಫೋಟೋ ಇದ್ದ ಹಾಗೆ. ಸ್ಪೀಕರ್ ಕಾಗದ ಜೋರು ಹೊಡೆತಕ್ಕೆ ನಲುಗುವುದು, ಮೆಲ್ಲಗೆ ಬಾರಿಸಿದಾಗ ಸರಿಹೋಗುವುದು ಅದರಲ್ಲಿ ಇಲ್ಲ. ಬೆರಳಿಗೆ ಅದು ಗೊತ್ತಾಗುತ್ತದೆ, ಕೇಳುವವರಿಗೆ ಗೊತ್ತಾಗದಿದ್ದರೂ.

ಸರಿ, ಮಾತು ಸಾಕು. ಈಗ ಒಂದು ಕ್ಲಿಪ್ ಹಾಕುತ್ತೇನೆ. ಕ್ಯಾಮೆರಾದ ಮೈಕಿನಲ್ಲೇ, ಇಲ್ಲಿಂದಲೇ. ಮೊದಲು ಮುಚ್ಚಳ ತೆರೆದು, ಆಮೇಲೆ ಚಿಲಕ ಹಾಕಿ, ಅದೇ ರಿಫ್ (ಮತ್ತೆ ಮತ್ತೆ ಬಾರಿಸುವ ಗಿಟಾರ್ ತುಣುಕು), ಅದೇ ವಾಲ್ಯೂಮ್. ಟೈಮ್ ಸಂಜೆ ಆರೂಕಾಲು, ಆಂಟಿ ವಾಕಿಂಗ್ ಹೋಗಿದ್ದಾರೆ. ಹೆಡ್‌ಫೋನ್ ಹಾಕಿರುವವರು ಸ್ವಲ್ಪ ಸೌಂಡ್ ಕಡಿಮೆ ಮಾಡಿಕೊಳ್ಳಿ.